ಓದುವ ಮಕ್ಕಳ ದೀಪ

ಬಳ್ಳಾರಿಯ ಸಮೀಪದ ಕುಡಿತಿನಿಯಲ್ಲಿ 1,700 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಆದರೂ ಆ ನಗರದ ವಸತಿ ನಿಲಯವೊಂದು ಪರೀಕ್ಷೆಯ ಹಿಂದಿನ ರಾತ್ರಿ ಕತ್ತಲಲ್ಲಿ ಮುಳುಗಬಹುದು. ಸ್ಥಾವರದ ವಿದ್ಯುತ್ತು ನೇರವಾಗಿ ಊರಿಗೆ ಹರಿಯುವುದಿಲ್ಲ. ರಾಜ್ಯದ ಜಾಲವನ್ನು ಸೇರಿ, ಉಪಕೇಂದ್ರಗಳನ್ನು ದಾಟಿ, ಬೀದಿಯ ಟ್ರಾನ್ಸ್‌ಫಾರ್ಮರ್ ಮೂಲಕ ಕೊಠಡಿಗೆ ಬರುತ್ತದೆ. ಗಾಳಿಮಳೆಗೆ ಒಂದು ತಂತಿ ಹರಿದರೂ ದೀಪ ಆರುತ್ತದೆ.

2010ರಲ್ಲಿ ಸ್ಥಾಪನೆಗೊಂಡ ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ ಬಳ್ಳಾರಿಯಲ್ಲಿದೆ. ಸಿರುಗುಪ್ಪ, ಕುರುಗೋಡು ಸೀಮೆಯ ರೈತರ ಮಕ್ಕಳಿಗೆ ಉನ್ನತ ವಿದ್ಯೆಯ ಹತ್ತಿರದ ಬಾಗಿಲು ಅದು. 2023ರ ಬರಗಾಲದಲ್ಲಿ ವಿದ್ಯುತ್ ಕೊರತೆಯಾದಾಗ ರಾಜ್ಯದ ರೈತರು ಪಂಪ್‌ಸೆಟ್ಟಿನ ತ್ರೀ ಫೇಸ್ ವಿದ್ಯುತ್ತಿಗಾಗಿ ಬೀದಿಗಿಳಿದರು. ಅಂಥ ಹೊತ್ತಿನಲ್ಲಿ ‘ತಂದೆಯ ಗದ್ದೆಗೆ ನೀರೋ, ಮಗಳ ಪುಸ್ತಕಕ್ಕೆ ಬೆಳಕೋ’ ಎಂದು ಕೇಳುವುದು ನ್ಯಾಯವಲ್ಲ.

ಲೆಕ್ಕ ನೋಡಿದರೆ ಈ ಪ್ರಶ್ನೆಯೇ ಹುಸಿಯೆಂದು ತಿಳಿಯುತ್ತದೆ. ಐದು ಅಶ್ವಶಕ್ತಿಯ ಒಂದು ಪಂಪಿಗೆ ಸುಮಾರು 3,700 ವ್ಯಾಟ್ ಬೇಕು; ಅಷ್ಟರಲ್ಲಿ 9 ವ್ಯಾಟಿನ ನಾನೂರು ಎಲ್‌ಇಡಿ ದೀಪಗಳು ಉರಿಯುತ್ತವೆ. ನಿಲಯದ ಓದುವ ಕೋಣೆಗೆ ಹತ್ತು ದೀಪ ಸಾಕು. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಒಂದು ಬ್ಯಾಟರಿ, ಇನ್ವರ್ಟರ್ ಇದ್ದರೆ ಅವು ಬೆಳಗಿನವರೆಗೂ ಉರಿದಾವು. ಇಲ್ಲಿ ಕೊರತೆ ವಿದ್ಯುತ್ತಿನದಲ್ಲ, ಮುಂದಾಲೋಚನೆಯದು.

ಬಡ ಮಕ್ಕಳಿಗೆ ಅನ್ನವಿಟ್ಟು, ನೆರಳು ಕೊಟ್ಟು ಓದಿಸಿದ ಪರಂಪರೆ ನಾಡಿನ ಮಠಗಳದು. ಅಕ್ಕಿ, ಬೇಳೆಯ ಸೇವೆ ಸಲ್ಲಿಸುವ ಸದ್ಭಕ್ತರು ತಮ್ಮೂರಿನ ಮಕ್ಕಳು ಓದುವ ನಿಲಯವನ್ನು ಒಮ್ಮೆ ರಾತ್ರಿಯ ಹೊತ್ತು ನೋಡಿ ಬರಲಿ. ಅಲ್ಲಿ ಕತ್ತಲಿದ್ದರೆ ಆಡಳಿತವನ್ನು ವಿನಯದಿಂದ ಕೇಳಲಿ. ಆಗದಿದ್ದರೆ ತಾವೇ ಒಂದು ಬ್ಯಾಟರಿ ಕೊಡಿಸಲಿ. ಹಸಿವಿಗೆ ಅನ್ನ ದಾಸೋಹವಾದರೆ, ಓದಿಗೆ ಬೆಳಕೂ ದಾಸೋಹವೇ.