ಪಿನ್ ಹಾಕಿದವರದೇ ತಪ್ಪೇ?

ಯುಪಿಐನಲ್ಲಿ ಮೋಸ ಹೋದವರು ಬ್ಯಾಂಕಿನ ಮೆಟ್ಟಿಲು ಹತ್ತಿದರೆ ಮೊದಲು ಎದುರಾಗುವ ಪ್ರಶ್ನೆ: ಪಿನ್ ಹಾಕಿದ್ದು ಯಾರು? ‘ನಾನೇ’ ಎಂದರೆ ಬಹುಮಟ್ಟಿಗೆ ಅಲ್ಲಿಗೇ ಮುಗಿಯಿತು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಗ್ರಾಹಕರಿಗೆ ಗೊತ್ತಿಲ್ಲದೆ ಹೋದ ಹಣದ ವಿಷಯದಲ್ಲಿ ಉದಾರವಾಗಿಯೇ ಇದೆ. ಬೇರೆಲ್ಲೋ ಆದ ಲೋಪದಿಂದ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟವೆಲ್ಲ ಬ್ಯಾಂಕಿನದು. ಆದರೆ ಮರುಳಾಗಿ ತಾನೇ ಕಳಿಸಿದವರಿಗೆ ಆ ಆಸರೆಯಿಲ್ಲ.

ಹಳೇ ಮಂಚ ಮಾರಲು ಜಾಹೀರಾತು ಹಾಕಿದವರಿಗೆ ಆಗುತ್ತಿದ್ದುದು ಇದೇ. ಕೊಳ್ಳುವವನು ಚೌಕಾಸಿಯನ್ನೇ ಮಾಡುತ್ತಿರಲಿಲ್ಲ (ಅನುಮಾನ ಬರಬೇಕಾದದ್ದೇ ಅಲ್ಲಿ). ‘ರಿಕ್ವೆಸ್ಟ್ ಕಳಿಸಿದ್ದೀನಿ ಸಾರ್, ಪಿನ್ ಹಾಕಿ, ದುಡ್ಡು ಬರುತ್ತೆ’ ಎನ್ನುತ್ತಿದ್ದ. ಹಾಕಿದರೆ ಹೋಗುತ್ತಿದ್ದುದು ಮಾರುವವರ ದುಡ್ಡು. ಹಣ ಪಡೆಯಲು ಪಿನ್ ಬೇಡ ಎಂದು ವರ್ಷಗಟ್ಟಲೆ ಸಂದೇಶ ಕಳಿಸಿದ ಮೇಲೆ, 2025ರ ಅಕ್ಟೋಬರ್ 1ರಿಂದ ವ್ಯಕ್ತಿಗಳ ನಡುವೆ ಹೀಗೆ ರಿಕ್ವೆಸ್ಟ್ ಕಳಿಸುವ ಆ ‘ಕಲೆಕ್ಟ್’ ಸೌಲಭ್ಯವನ್ನೇ ಯುಪಿಐ ನಡೆಸುವ ಎನ್‌ಪಿಸಿಐ ತೆಗೆದುಹಾಕಿತು. ಬಾಗಿಲು ಮುಚ್ಚುವುದು ಅವರ ಕೈಯಲ್ಲೇ ಇತ್ತು. ಹಾಗಿದ್ದ ಮೇಲೆ ಅಷ್ಟು ವರ್ಷದ ನಷ್ಟವನ್ನು ಜನರ ದಡ್ಡತನದ ಲೆಕ್ಕಕ್ಕೆ ಬರೆದದ್ದು ನ್ಯಾಯವೇ?

ಕದ್ದ ಹಣ ಗಾಳಿಗೆ ಹೋಗುವುದಿಲ್ಲ, ಯಾವುದೋ ಬ್ಯಾಂಕಿನ ಖಾತೆಗೇ ಹೋಗುತ್ತದೆ. ಅನೇಕ ಸಲ ಅದು ಕಮಿಷನ್ ಆಸೆಗೆ ಯಾರೋ ಬಾಡಿಗೆಗೆ ಕೊಟ್ಟ ಖಾತೆ. ನಿನ್ನೆ ಮೊನ್ನೆ ತೆರೆದ ಖಾತೆಗೆ ನಾನಾ ಊರುಗಳಿಂದ ದುಡ್ಡು ಬಂದು, ನಿಮಿಷಗಳಲ್ಲಿ ಖಾಲಿಯಾಗುವುದು ಕಾಣುವುದು ಆ ಬ್ಯಾಂಕಿಗೇ ಹೊರತು ಮಂಚ ಮಾರುವವರಿಗಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವಷ್ಟರಲ್ಲಿ ಹಣ ನಾಲ್ಕು ಕೈ ದಾಟಿರುತ್ತದೆ. ಕೆವೈಸಿ ನೋಡಿ ಖಾತೆ ತೆರೆದವರು ನಷ್ಟದಲ್ಲೂ ಪಾಲು ಹೊರಬೇಕು.

ಬ್ರಿಟನ್ ಇದನ್ನು ಮಾಡಿದೆ. 2024ರ ಅಕ್ಟೋಬರ್ 7ರಿಂದ ಅಲ್ಲಿ ಹೀಗೆ ಮೋಸ ಹೋದವರಿಗೆ 85,000 ಪೌಂಡ್‌ವರೆಗೆ ಹಣ ಮರಳಿಸಬೇಕು. ಆ ಹೊರೆಯಲ್ಲಿ ಹಣ ಕಳಿಸಿದ ಸಂಸ್ಥೆಗೆ ಅರ್ಧ, ಪಡೆದ ಸಂಸ್ಥೆಗೆ ಅರ್ಧ. ಜನ ಬೇಜವಾಬ್ದಾರಿಗಳಾಗುತ್ತಾರೆ ಎಂಬ ಆಕ್ಷೇಪಕ್ಕೂ ಉತ್ತರವಿದೆ: ಮೊದಲ 100 ಪೌಂಡ್‌ವರೆಗೆ ಗ್ರಾಹಕರೇ ಹೊರುವಂತೆ ಮಾಡಬಹುದು, ತೀರಾ ನಿರ್ಲಕ್ಷ್ಯ ತೋರಿದವರಿಗೆ ಪರಿಹಾರ ನಿರಾಕರಿಸಬಹುದು.

ನಮ್ಮ ಬ್ಯಾಂಕುಗಳ ತಕರಾರು ಇದಕ್ಕಿಂತ ಗಟ್ಟಿ. ಯುಪಿಐ ಕಳಿಸುವವರಿಗೆ ಪುಕ್ಕಟೆ, ಅಂಗಡಿಯವರಿಂದಲೂ 2020ರಿಂದ ಶುಲ್ಕವಿಲ್ಲ. ಪರಿಹಾರಕ್ಕೆ ಹಣ ಎಲ್ಲಿಂದ? ಕೇಳಬೇಕಾದ ಮಾತೇ. ಆದರೆ ಸಣ್ಣ ವ್ಯಾಪಾರಿಗಳ ಯುಪಿಐ ವಹಿವಾಟಿಗೆ ಕೇಂದ್ರ ಸರ್ಕಾರ ಬ್ಯಾಂಕುಗಳಿಗೆ ಪ್ರೋತ್ಸಾಹಧನ ಕೊಡುತ್ತ ಬಂದಿದೆ. ಬಾಡಿಗೆ ಖಾತೆಗಳನ್ನು ಸಾಕುವ ಬ್ಯಾಂಕಿನ ಪಾಲನ್ನು ಕತ್ತರಿಸಿ, ಮೋಸ ಹೋದವರ ಪರಿಹಾರಕ್ಕೆ ತಿರುಗಿಸಲು ಇರುವ ಅಡ್ಡಿಯಾದರೂ ಏನು?