ನೆಲ ಡೊಂಕೋ, ಕುಣಿತ ಡೊಂಕೋ? ಮೊದಲು ಅಳೆಯಿರಿ

ಮಳೆಗಾಲ ಮುಗಿದು ಮಣ್ಣು ಹದಕ್ಕೆ ಬರುತ್ತಿದ್ದಂತೆ, ನಾಲ್ಕೈದು ತಿಂಗಳು ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿದ್ದ ಡರ್ಟ್ ಬೈಕುಗಳು ಹೊರಬರುತ್ತವೆ. ಟೈರಿಗೆ ಗಾಳಿ ಹೊಡೆಸಿ, ಟ್ರ್ಯಾಕಿನಲ್ಲಿ ಎರಡು ಸುತ್ತು ಹಾಕಿ, ಮೂರನೇ ಸುತ್ತಿಗೆ ಹಳೇ ಜಂಪಿನ ಕಡೆ ತಿರುಗಿಸಿದರೆ ಬೈಕು ಬೇರೆಯವರದ್ದೇನೋ ಎನ್ನಿಸುತ್ತದೆ. ಗಾಳಿಗೆ ಏರಿದ್ದೇ ಮೂತಿ ಕೆಳಗಾಗುತ್ತದೆ, ಇಲ್ಲವೇ ಹಿಂಭಾಗ ಪಕ್ಕಕ್ಕೆ ಬೀಸುತ್ತದೆ, ಇಳಿದ ಮೇಲೆ ಹ್ಯಾಂಡಲ್ ಕೈಯಲ್ಲಿ ನಿಲ್ಲುವುದಿಲ್ಲ. ಆಗ ತೀರ್ಪು ಕೊಡುವವರು ಎರಡು ಬಣವಾಗುತ್ತಾರೆ. ಸಸ್ಪೆನ್ಷನ್ ಹೋಗಿದೆ, ಹೊಸದು ಹಾಕಿಸು ಎನ್ನುವುದು ಒಂದು ಬಣ. ಬೈಕಿಗೇನೂ ಆಗಿಲ್ಲ, ನಿನ್ನ ಕೈ ಕೆಟ್ಟಿದೆ ಎನ್ನುವುದು ಇನ್ನೊಂದು. ಈ ಎರಡನೇ ಬಣದ ಬಳಿ ಒಂದು ಗಾದೆಯೂ ಸಿದ್ಧವಿರುತ್ತದೆ: ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗಾದೆ ಚುರುಕಾಗಿದೆ, ಆದರೆ ಅದರಲ್ಲಿ ಒಂದು ಕೊರತೆಯಿದೆ. ನೆಲ ನಿಜಕ್ಕೂ ಡೊಂಕಾಗಿತ್ತೇ ಎಂದು ಅಲ್ಲಿ ಯಾರೂ ಅಳೆದು ನೋಡಲಿಲ್ಲ. ಬಹಳ ದಿನ ಬಿಟ್ಟು ಜಂಪಿಗೆ ಮರಳುವ ಸವಾರನ ವಿಷಯದಲ್ಲಿ ಈ ಅಳತೆಯೇ ಮೊದಲ ಕೆಲಸವಾಗಬೇಕು, ಅದು ಮುಗಿಯುವ ತನಕ ಶಾಕಿನ ಸ್ಕ್ರೂವನ್ನು ಒಂದು ಕ್ಲಿಕ್ಕೂ ತಿರುಗಿಸಬಾರದು ಎಂಬುದು ನನ್ನ ವಾದ.

ಡರ್ಟ್ ಬೈಕಿನ ಆಟ ಈಗ ನಾಲ್ಕಾರು ಜನರ ಹುಚ್ಚಾಟವಾಗಿ ಉಳಿದಿಲ್ಲ. 2015ರಲ್ಲಿ ಡಾಕರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಬೆಂಗಳೂರಿನವರು. 2019ರಲ್ಲಿ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆಯೂ ಇದೇ ಊರಿನವರು. ಡಾಕರ್‌ಗೆ ಹೋಗಿಬಂದ ಕೆ.ಪಿ. ಅರವಿಂದ್ ಉಡುಪಿಯವರು. ಕೋಲಾರದ ಬಳಿ ಸಂತೋಷ್ ಕಟ್ಟಿದ ಡರ್ಟ್ ಪಾರ್ಕಿದೆ. 2024ರಲ್ಲಿ ಸೂಪರ್‌ಕ್ರಾಸ್ ಲೀಗ್ ಬೆಂಗಳೂರಿಗೂ ಬಂತು. ಹೀರೊ ಎಕ್ಸ್‌ಪಲ್ಸ್‌ನಂಥ ಬೈಕುಗಳು ಬಂದಮೇಲಂತೂ ವಾರವಿಡೀ ಕಚೇರಿಗೆ ಓಡಿಸುವ ಗಾಡಿಯನ್ನೇ ಭಾನುವಾರ ದಿಬ್ಬದ ಮೇಲಿಂದ ಹಾರಿಸುವವರ ಸಂಖ್ಯೆ ಹೆಚ್ಚಿದೆ. ಇವರಲ್ಲಿ ಬಹುತೇಕರಿಗೆ ಪಕ್ಕದಲ್ಲಿ ನಿಂತು ನೋಡುವ ತರಬೇತುದಾರರೂ ಇಲ್ಲ, ಬೈಕಿನ ಜಾತಕ ಬಲ್ಲ ಮೆಕ್ಯಾನಿಕ್ಕೂ ಇಲ್ಲ. ಆದ್ದರಿಂದ ತಪ್ಪು ಎಲ್ಲಿದೆ ಎಂದು ತಾವೇ ಕಂಡುಹಿಡಿಯುವ ದಾರಿಯೊಂದು ಇವರಿಗೆ ಬೇಕು.

ಮೊದಲು ಜಂಪಿನ ಲೆಕ್ಕ ನೋಡೋಣ. ಪ್ರೌಢಶಾಲೆಯ ಭೌತಶಾಸ್ತ್ರ ಸಾಕು. ಇಪ್ಪತ್ತೈದು ಡಿಗ್ರಿ ಏರಿನ ದಿಬ್ಬದಿಂದ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹಾರಿದ ಬೈಕು, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಅದೇ ಮಟ್ಟದ ನೆಲಕ್ಕೆ ಸುಮಾರು 15 ಮೀಟರ್ ದೂರದಲ್ಲಿ ಇಳಿಯುತ್ತದೆ. ಗಾಳಿಯಲ್ಲಿರುವುದು ಸುಮಾರು 1.2 ಸೆಕೆಂಡ್. ವೇಗ 45ಕ್ಕೆ ಇಳಿದರೆ ದೂರ 12 ಮೀಟರ್ ಚಿಲ್ಲರೆಗೆ ಬರುತ್ತದೆ. ಐದು ಕಿಲೋಮೀಟರ್ ವೇಗದ ವ್ಯತ್ಯಾಸಕ್ಕೆ ಮೂರು ಮೀಟರ್ ಖೋತಾ! ಜಂಪಿನಾಚೆಯ ಇಳಿಜಾರಿನ ಮೇಲೆ ಮೆತ್ತಗೆ ಇಳಿಯಬೇಕಾದ ಚಕ್ರ ಅದರ ಅಂಚಿಗೇ ಬಡಿಯುತ್ತದೆ. ತಿರುಗುವಿಕೆಯದೂ ಇದೇ ಕತೆ. ದಿಬ್ಬದ ತುದಿ ಬಿಡುವಾಗ ಬೈಕು ಸೆಕೆಂಡಿಗೆ ಬರೀ ಇಪ್ಪತ್ತು ಡಿಗ್ರಿಯಂತೆ ಮುಂದಕ್ಕೆ ವಾಲುತ್ತಿದ್ದರೂ ಇಳಿಯುವ ಹೊತ್ತಿಗೆ ಮೂತಿ ಇಪ್ಪತ್ತನಾಲ್ಕು ಡಿಗ್ರಿ ಬಗ್ಗಿರುತ್ತದೆ. ಗಾಳಿಯಲ್ಲಿ ಅದನ್ನು ತಿದ್ದಲು ಅವಕಾಶ ಇಲ್ಲವೆಂದಲ್ಲ. ಥ್ರಾಟಲ್ ಕೊಟ್ಟರೆ ಹಿಂಚಕ್ರ ಜೋರಾಗಿ ತಿರುಗಿ ಮೂತಿ ಮೇಲೇಳುತ್ತದೆ, ಕ್ಲಚ್ ಹಿಡಿದು ಹಿಂದಿನ ಬ್ರೇಕ್ ಒತ್ತಿದರೆ ಕೆಳಗಿಳಿಯುತ್ತದೆ. ಆದರೆ ಅದು ಒಂದು ಸೆಕೆಂಡಿನೊಳಗೆ ಗುರುತಿಸಿ, ನಿರ್ಧರಿಸಿ, ಮಾಡಿ ಮುಗಿಸಬೇಕಾದ ರಿಪೇರಿ. ಗಾಳಿಯಲ್ಲಿ ಕಾಣುವ ಅಲ್ಲಾಟದ ಬೀಜ ಬಿದ್ದಿರುವುದು ನೆಲದ ಮೇಲೆ, ದಿಬ್ಬದ ಕೊನೆಯ ಎರಡು ಮೀಟರಿನಲ್ಲಿ.

ಆ ಎರಡು ಮೀಟರಿನಲ್ಲಿ ಬೈಕು ಮತ್ತು ಸವಾರ ಇಬ್ಬರೂ ಒಂದೇ ಬಗೆಯ ತಪ್ಪು ಮಾಡಬಲ್ಲರು. ತೊಡಕಿರುವುದು ಅಲ್ಲೇ. ಮೂತಿ ಬಗ್ಗುವುದನ್ನೇ ತೆಗೆದುಕೊಳ್ಳಿ. ಏರು ಹತ್ತುವಾಗ ಹಿಂದಿನ ಶಾಕ್ ಒತ್ತಿಕೊಂಡಿರುತ್ತದೆ, ತುದಿಯಲ್ಲಿ ಭಾರ ಕಳಚಿದೊಡನೆ ಬಿಚ್ಚಿಕೊಳ್ಳುತ್ತದೆ. ಅದರ ಆಯಿಲ್ ಹಳತಾಗಿ ತಡೆಯುವ ಶಕ್ತಿ ಕುಗ್ಗಿದ್ದರೆ, ಅಥವಾ ಬಿಚ್ಚಿಕೊಳ್ಳುವ ವೇಗವನ್ನು ಹಿಡಿತದಲ್ಲಿಡುವ ರೀಬೌಂಡ್ ತೀರಾ ಸಡಿಲವಿದ್ದರೆ, ಹಿಂಭಾಗವನ್ನು ಕವಣೆಯಂತೆ ಎತ್ತಿ ಎಸೆಯುತ್ತದೆ. ಇದು ಬೈಕಿನ ತಪ್ಪು. ತುದಿಯಲ್ಲಿ ಅಳುಕಿ ಸವಾರ ಥ್ರಾಟಲ್ ಬಿಟ್ಟುಬಿಟ್ಟರೂ ಹಿಂಚಕ್ರದ ವೇಗ ಕುಸಿದು ಮೂತಿ ಹಾಗೇ ಬಗ್ಗುತ್ತದೆ. ಇದು ಸವಾರನ ತಪ್ಪು. ಮೂರನೆಯದೊಂದು ಇವೆರಡರ ನಡುವೆ ಅಡಗಿರುತ್ತದೆ: ಸವಾರ ಥ್ರಾಟಲ್ ಕೊಟ್ಟೇ ಇರುತ್ತಾನೆ, ಆದರೆ ತಿಂಗಳುಗಟ್ಟಲೆ ನಿಂತ ಪೆಟ್ರೋಲಿನ ಅಂಟು ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳಲ್ಲಿ ಕಟ್ಟಿಕೊಂಡು, ಎಂಜಿನ್ ಸರಿಯಾಗಿ ತುದಿಯಲ್ಲೇ ಒಂದು ಕ್ಷಣ ಉಸಿರು ಕಟ್ಟುತ್ತದೆ. ನಮ್ಮ ಪೆಟ್ರೋಲಿನಲ್ಲಿ ಈಗ ಬೆರೆತಿರುವ ಎಥೆನಾಲ್ ತೇವವನ್ನು ಎಳೆದುಕೊಳ್ಳುವ ಗುಣದ್ದು, ಆದ್ದರಿಂದ ಮಳೆಗಾಲವಿಡೀ ಅರೆತುಂಬಿದ ಟ್ಯಾಂಕಿನಲ್ಲಿ ಉಳಿದ ಇಂಧನವನ್ನು ನಂಬುವಂತಿಲ್ಲ. ಪಕ್ಕಕ್ಕೆ ಬೀಸುವುದಕ್ಕೂ ಹೀಗೇ ಎರಡೆರಡು ಮೂಲ. ಹಿಂಚಕ್ರ ಚೈನಿನ ಗೆರೆಗೆ ನೇರವಿಲ್ಲದಿರಬಹುದು, ಸ್ವಿಂಗ್‌ಆರ್ಮ್ ಬೇರಿಂಗ್ ಸವೆದಿರಬಹುದು. ಇಲ್ಲವೇ ಸವಾರ ಗೊತ್ತಿಲ್ಲದೆ ಒಂದೇ ಫುಟ್‌ಪೆಗ್ ಮೇಲೆ ಭಾರ ಹಾಕಿ ನಿಂತಿರಬಹುದು. ಲಕ್ಷಣ ಒಂದೇ, ರೋಗ ಬೇರೆ. ಲಕ್ಷಣ ನೋಡಿ ಔಷಧಿ ಕೊಡುವವರು ಇಲ್ಲಿ ಅರ್ಧಕ್ಕರ್ಧ ಸಲ ಸೋಲುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಓಡಿಸಿ ನೋಡಿ, ಅನುಭವಕ್ಕೆ ಬಂದಂತೆ ಒಂದೊಂದೇ ಸ್ಕ್ರೂ ತಿರುಗಿಸಿ ಹೊಂದಿಸಿಕೊಂಡರೆ ಆಗದೇ? ಸಾಮಾನ್ಯ ದಿನಗಳಲ್ಲಿ ಅದೇ ಸರಿಯಾದ ದಾರಿ, ಎಲ್ಲ ಪಳಗಿದ ಸವಾರರೂ ಹಾಗೇ ಮಾಡುತ್ತಾರೆ. ಆದರೆ ಬಿಡುವಿನ ನಂತರದ ಮೊದಲ ದಿನ ಆ ದಾರಿ ಕೈಕೊಡುತ್ತದೆ. ಅನುಭವಕ್ಕೆ ಬಂದಂತೆ ಹೊಂದಿಸುವುದೆಂದರೆ ಸವಾರನ ಮೈಯನ್ನೇ ತಕ್ಕಡಿಯಾಗಿ ಬಳಸುವುದು. ಅಂದು ಆ ತಕ್ಕಡಿಯೇ ಸರಿಯಿರುವುದಿಲ್ಲ. ಕೆಲವು ವಾರ ಅಭ್ಯಾಸ ಬಿಟ್ಟರೆ ದಮ್ಮು ಕಡಿಮೆಯಾಗುತ್ತದೆ ಎಂಬುದು ಎಲ್ಲ ಆಟಗಾರರಿಗೂ ಗೊತ್ತು. ಕಲಿತ ವಿದ್ಯೆ ಮರೆಯದಿದ್ದರೂ ಅದರ ಗಳಿಗೆ ಹಿಂದುಮುಂದಾಗುತ್ತದೆ. ತೊಡೆ ಸೋತು ಟ್ಯಾಂಕನ್ನು ಹಿಡಿಯಲಾರದಾಗ ಇಡೀ ಭಾರ ಮುಂಗೈಗೆ ಬೀಳುತ್ತದೆ, ಮುಂಗೈ ಕಲ್ಲಾಗುತ್ತದೆ, ಹ್ಯಾಂಡಲ್ ಬಿಗಿಹಿಡಿದಷ್ಟೂ ನೆಲದ ಪ್ರತಿ ಕುಲುಕು ನೇರ ಸ್ಟೀರಿಂಗಿಗೆ ಹೋಗುತ್ತದೆ. ಇಂಥ ಸ್ಥಿತಿಯಲ್ಲಿ ಸವಾರ ರೀಬೌಂಡನ್ನು ನಾಲ್ಕು ಕ್ಲಿಕ್ ಬಿಗಿ ಮಾಡಿದರೆ ಅವನು ಬೈಕನ್ನು ಹೊಂದಿಸಿದ್ದು ತನ್ನ ತಪ್ಪಿಗೆ. ಎರಡು ವಾರದಲ್ಲಿ ಕೈ ಪಳಗಿ ತಪ್ಪು ತಾನಾಗಿ ಹೋದಾಗ ಆ ನಾಲ್ಕು ಕ್ಲಿಕ್ ಅಲ್ಲೇ ಉಳಿದಿರುತ್ತದೆ. ಸಾಲು ಕುಲುಕುಗಳ ಮೇಲೆ ಶಾಕ್ ಮೇಲೇಳಲು ಪುರುಸೊತ್ತಿಲ್ಲದೆ ಕುಗ್ಗುತ್ತಲೇ ಹೋಗಿ, ಈ ಸಲ ಬೇರೆಯೇ ಬಗೆಯಲ್ಲಿ ಒದೆಯುತ್ತದೆ. ಆಗ ಇನ್ನೊಂದು ಸ್ಕ್ರೂ. ಹೀಗೆ ಋತು ಮುಗಿಯುವ ಹೊತ್ತಿಗೆ ಬೈಕು ಯಾವ ಸ್ಥಿತಿಯಲ್ಲಿತ್ತು ಎಂಬ ಲೆಕ್ಕವೇ ತಪ್ಪಿಹೋಗಿರುತ್ತದೆ.

ಆದ್ದರಿಂದ ಮೈಯ ಸಾಕ್ಷಿ ಬೇಡದ ಪರೀಕ್ಷೆಗಳಿಂದ ಶುರುಮಾಡಬೇಕು. ಬೈಕನ್ನು ಸ್ಟ್ಯಾಂಡಿಗೇರಿಸಿ ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ. ಫೋರ್ಕಿನ ಕೆಳತುದಿ ಹಿಡಿದು ಹಿಂದೆಮುಂದೆ ಅಲ್ಲಾಡಿಸಿ. ಟಕ್ ಎಂದರೆ ಸ್ಟೀರಿಂಗ್ ಬೇರಿಂಗ್ ಸಡಿಲ. ಹ್ಯಾಂಡಲನ್ನು ಮೆಲ್ಲಗೆ ಎಡಬಲ ತಿರುಗಿಸಿದಾಗ ನಡುವೆ ಗಂಟಿನಂತೆ ಸಿಕ್ಕಿಕೊಂಡರೆ ಅದೇ ಬೇರಿಂಗಿನಲ್ಲಿ ಕುಳಿ ಬಿದ್ದಿದೆ. ಹಿಂದಿನ ಚಕ್ರದ ಮೇಲ್ತುದಿ ಹಿಡಿದು ಮೇಲಕ್ಕೆತ್ತಿ. ಶಾಕ್ ಕದಲುವ ಮೊದಲೇ ಚೂರು ಆಟ ಕೈಗೆ ಸಿಕ್ಕರೆ ಲಿಂಕೇಜ್ ಬೇರಿಂಗುಗಳಲ್ಲಿ ಗ್ರೀಸ್ ಒಣಗಿ ತುಕ್ಕು ತಿಂದಿದೆ ಎಂದರ್ಥ. ತೊಳೆದು, ಒಣಗಿಸದೆ, ಮಳೆಗಾಲಕ್ಕೆ ನಿಲ್ಲಿಸಿದ ಬೈಕಿಗೆ ಹಿಡಿಯುವ ಮಾಮೂಲು ರೋಗ ಇದು. ಚಕ್ರದ ಕಡ್ಡಿಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿ. ಬಿಗಿಯಿದ್ದದ್ದು ತಂತಿಯಂತೆ ಮಿಡಿಯುತ್ತದೆ, ಸಡಿಲವಾದದ್ದು ಮಂಕಾಗಿ ನುಡಿಯುತ್ತದೆ. ಫೋರ್ಕಿನ ಸೀಲ್ ಸುತ್ತ ಎಣ್ಣೆಯ ಉಂಗುರ ಕಂಡರೆ ಒಂದು ಕಾಲಿನ ಆಯಿಲ್ ಕಡಿಮೆಯಾಗಿದೆ. ಫೋರ್ಕಿನ ನೆತ್ತಿಯಲ್ಲಿ ಗಾಳಿ ಬಿಡುವ ಸ್ಕ್ರೂ ಇದ್ದರೆ, ಮುಂಚಕ್ರ ಎತ್ತಿದ ಸ್ಥಿತಿಯಲ್ಲೇ ಅದನ್ನು ಸಡಿಲಿಸಿ, ಸೇರಿಕೊಂಡ ಒತ್ತಡ ಹೊರಬಿಡಿ. ಮೋಟೋಕ್ರಾಸ್ ಟೈರಿಗೆ ಸಾಮಾನ್ಯವಾಗಿ 12ರಿಂದ 15 ಪಿಎಸ್‌ಐ ಸಾಕು. ರಸ್ತೆ ಬದಿಯ ಪಂಕ್ಚರ್ ಅಂಗಡಿಯಲ್ಲಿ 28 ತುಂಬಿಸಿಕೊಂಡು ಬಂದರೆ ಇಳಿದಾಗ ಚೆಂಡಿನಂತೆ ಪುಟಿಯದೆ ಇನ್ನೇನು ಮಾಡೀತು?

ಕೊನೆಗೆ ಸ್ಯಾಗ್, ಅಂದರೆ ಭಾರಕ್ಕೆ ಸಸ್ಪೆನ್ಷನ್ ಎಷ್ಟು ಕುಸಿಯುತ್ತದೆ ಎಂಬುದು. ಎಲ್ಲಕ್ಕಿಂತ ಮುಖ್ಯವಾದ, ಎಲ್ಲಕ್ಕಿಂತ ಕಡಿಮೆ ಮಂದಿ ಮಾಡುವ ಅಳತೆ ಇದು. ಬೈಕು ಸ್ಟ್ಯಾಂಡಿನ ಮೇಲಿರುವಾಗ ಹಿಂದಿನ ಆ್ಯಕ್ಸಲ್‌ನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಒಂದು ಗುರುತಿನ ತನಕ ಟೇಪು ಹಿಡಿದು ಬರೆದುಕೊಳ್ಳಿ. ನೆಲಕ್ಕಿಳಿಸಿ ಮತ್ತೆ ಅಳೆಯಿರಿ. ಆಮೇಲೆ ಹೆಲ್ಮೆಟ್ಟು, ಬೂಟು ಸಮೇತ ಸವಾರ ಹತ್ತಿ ನಿಂತಾಗ ಇನ್ನೊಬ್ಬರು ಅಳೆಯಲಿ. ಸುಮಾರು 300 ಮಿಲಿಮೀಟರ್ ಸಸ್ಪೆನ್ಷನ್ ಚಲನೆಯಿರುವ ದೊಡ್ಡ ಮೋಟೋಕ್ರಾಸ್ ಬೈಕು ಸವಾರನ ಭಾರಕ್ಕೆ 100 ಮಿಲಿಮೀಟರ್ ಆಸುಪಾಸು ಕುಸಿಯಬೇಕು, ತನ್ನದೇ ಭಾರಕ್ಕೆ 30ರಿಂದ 40. ಎಕ್ಸ್‌ಪಲ್ಸ್ 200ರಂಥ ಬೈಕಿನಲ್ಲಿ ಇರುವುದೇ ಮುಂದೆ 190, ಹಿಂದೆ 170 ಮಿಲಿಮೀಟರ್ ಚಲನೆ, ಅದಕ್ಕೆ ಆ ಪ್ರಮಾಣದಲ್ಲಿ ಕಡಿಮೆ. ಬಿಡುವಿನಲ್ಲಿ ಐದಾರು ಕೆಜಿ ಮೈ ಬಂದಿದ್ದರೆ ಈ ಅಂಕಿ ಹಲವು ಮಿಲಿಮೀಟರ್ ಸರಿದಿರುತ್ತದೆ. ಹಿಂಭಾಗ ಹೆಚ್ಚು ಕುಸಿದರೆ ಮುಂಚಕ್ರ ಹಗುರಾಗಿ ಅಲೆಯುತ್ತದೆ, ಏರಿನಲ್ಲಿ ಶಾಕ್ ತಳ ಮುಟ್ಟಿ ಒದೆಯುತ್ತದೆ. ಕಡಿಮೆ ಕುಸಿದರೆ ಹ್ಯಾಂಡಲ್ ತಲೆ ಕೊಡವುತ್ತದೆ. ಇಲ್ಲೊಂದು ತಲೆಕೆಳಗಾದಂತೆ ಕಾಣುವ ನಿಜವೂ ಇದೆ. ಸವಾರ ಹತ್ತಿದಾಗಿನ ಅಂಕಿಯನ್ನು ಸರಿಪಡಿಸಲು ಸ್ಪ್ರಿಂಗನ್ನು ಬಿಗಿ ಮಾಡುತ್ತಾ ಹೋದಮೇಲೆ, ಬೈಕು ತನ್ನದೇ ಭಾರಕ್ಕೆ ಕುಸಿಯುವುದು ತೀರಾ ಕಡಿಮೆಯಾದರೆ, ಸ್ಪ್ರಿಂಗ್ ಗಟ್ಟಿಯಾಗಿದೆ ಎಂದಲ್ಲ, ಆ ಸವಾರನಿಗೆ ಅದು ಮೆತ್ತಗಾಗಿದೆ ಎಂದೇ ಅರ್ಥ. ಬರೀ ಅನುಭವದಿಂದ ಈ ತೀರ್ಮಾನಕ್ಕೆ ಬರುವುದು ಕಷ್ಟ. ಟೇಪು ಹತ್ತು ನಿಮಿಷದಲ್ಲಿ ಹೇಳುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಬೈಕು ವಾಲಿದರೆ ಆಗ ಗಾದೆಗೆ ಅಧಿಕಾರ ಬರುತ್ತದೆ, ತಪ್ಪು ಕುಣಿತದ್ದು. ಅದನ್ನು ಕಂಡುಹಿಡಿಯಲು ಹಳೆಯ ದೊಡ್ಡ ಜಂಪು ತಕ್ಕ ಜಾಗವಲ್ಲ. ನೆತ್ತಿ ಚಪ್ಪಟೆಯಾದ, ಹಾರಿದ ದೂರ ಕಡಿಮೆ ಬಿದ್ದರೂ ಗುಂಡಿಗೆ ಇಳಿಸದ ಸಣ್ಣ ಟೇಬಲ್‌ಟಾಪ್ ಆಗಬೇಕು. ಒಂದೇ ಗೇರು, ಒಂದೇ ವೇಗ, ಹತ್ತು ಸಲ. ನಿಂತು, ಮೊಣಕಾಲಿನಲ್ಲಿ ಬೈಕನ್ನು ಹಿಡಿದು, ತುದಿ ದಾಟುವ ತನಕ ಥ್ರಾಟಲ್ ಅಲುಗದಂತೆ. ಗೆಳೆಯರೊಬ್ಬರು ಪಕ್ಕದಿಂದ ಫೋನಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದರೆ, ತುದಿಯಲ್ಲಿ ಸೊಂಟ ಮುಂದೆ ಹೋಯಿತೇ, ಮಣಿಕಟ್ಟು ಕುಸಿಯಿತೇ ಎಂಬುದು ಕಣ್ಣಿಗೆ ಕಾಣುತ್ತದೆ. ಹತ್ತರಲ್ಲಿ ಹತ್ತೂ ಸಲ ಬೈಕು ಒಂದೇ ರೀತಿ ವಾಲಿದರೆ ಬೈಕಿನ ಮೇಲೆ ಇನ್ನೊಮ್ಮೆ ಸಂಶಯಪಡಿ. ಒಂದೊಂದು ಸಲ ಒಂದೊಂದು ರೀತಿ ವಾಲಿದರೆ ಬದಲಾಗುತ್ತಿರುವುದು ನೀವು. ಲೋಹ ಅಷ್ಟು ಚಂಚಲವಲ್ಲ.

ಇದಕ್ಕೆ ಆಕ್ಷೇಪಗಳಿವೆ, ಕೆಲವು ತೂಕದವೂ ಹೌದು. ಸಂಶಯ ಬಂದರೆ ಗ್ಯಾಸ್ ಕೊಡು, ಎಲ್ಲ ನೇರವಾಗುತ್ತದೆ ಎನ್ನುವುದು ಟ್ರ್ಯಾಕಿನ ಹಳೆಯ ಬುದ್ಧಿವಾದ. ಅದರಲ್ಲಿ ಸತ್ಯಾಂಶವಿದೆ: ಅಳುಕಿ ಥ್ರಾಟಲ್ ಬಿಡುವುದು ಅಪಾಯ, ಗಾಳಿಯಲ್ಲಿ ಕೊಟ್ಟ ಥ್ರಾಟಲ್ ಮೂತಿ ಎತ್ತುತ್ತದೆ. ಆದರೆ ಅದು ಬಿದ್ದುಹೋಗುತ್ತಿರುವವನ ಉಪಾಯ, ಏಕೆ ಬೀಳುತ್ತಿದ್ದೇನೆ ಎಂಬ ಪ್ರಶ್ನೆಗೆ ಉತ್ತರವಲ್ಲ. ಸಡಿಲ ಸ್ವಿಂಗ್‌ಆರ್ಮಿಗೆ ಹೆಚ್ಚು ವೇಗ ಕೊಟ್ಟರೆ ಸಿಗುವುದು ಹೆಚ್ಚು ವೇಗದ ಅಲ್ಲಾಟ. ಇದೆಲ್ಲ ಬರೀ ಭಯ, ಹತ್ತು ಸಲ ಹಾರಿದರೆ ಹೋಗುತ್ತದೆ ಎನ್ನುವವರೂ ಇದ್ದಾರೆ. ಬಹಳ ಸಲ ಅವರ ಮಾತೇ ನಿಜವಾಗಬಹುದು. ಆದರೆ ಭಯಕ್ಕೆ ಕಾರಣವಿದೆಯೇ ಇಲ್ಲವೇ ಎಂದು ತಿಳಿಯದೆ ಅದನ್ನು ಮೀರುವುದು ಧೈರ್ಯವಲ್ಲ, ಮತ್ತು ಬೈಕು ಸರಿಯಿದೆ ಎಂದು ಅಳೆದು ತಿಳಿದವನ ಭಯ ಬೇಗ ಕರಗುತ್ತದೆ. ಒಳ್ಳೆಯ ಸಸ್ಪೆನ್ಷನ್ ಹಾಕಿಸಿದರೆ ತೀರಿತಲ್ಲ ಎಂಬುದು ಮೂರನೆಯ ಮಾತು. ಹೊರದೇಶದಿಂದ ಬರುವ ದೊಡ್ಡ ಮೋಟೋಕ್ರಾಸ್ ಬೈಕುಗಳ ಸ್ಪ್ರಿಂಗು ಸಾಮಾನ್ಯವಾಗಿ 75ರಿಂದ 85 ಕೆಜಿ ತೂಕದ ಸವಾರನನ್ನು ನೆನೆದು ಆರಿಸಿದ್ದು. 60 ಕೆಜಿಯ ಹುಡುಗನಿಗೆ ಅದಕ್ಕಿಂತ ದುಬಾರಿ, ಅದಕ್ಕಿಂತ ಗಟ್ಟಿ ಶಾಕ್ ಹಾಕಿಸಿದರೆ ಹಣ ಕೊಟ್ಟು ತೊಂದರೆ ಕೊಂಡಂತೆ. ಹೊಸ ಭಾಗ ಬೇಕೇ ಎಂದು ಹೇಳಬೇಕಾದದ್ದೂ ಅದೇ ಟೇಪು. ಇನ್ನು, ಇಷ್ಟೆಲ್ಲ ಮಾಡಲು ಭಾನುವಾರದ ಅರ್ಧ ದಿನ ಹೋಗುತ್ತದೆ ಎಂಬ ದೂರು ನ್ಯಾಯವಾದದ್ದೇ. ಆದರೆ ಕಾಲರ್‌ಬೋನ್ ಮುರಿದರೆ ಹೋಗುವುದು ಎಷ್ಟು ಭಾನುವಾರ ಎಂಬ ಲೆಕ್ಕವನ್ನೂ ಪಕ್ಕದಲ್ಲಿ ಬರೆದು ನೋಡಬೇಕು.

ಇಡೀ ವಿಧಾನಕ್ಕೆ ಬೇಕಿರುವುದು ಒಂದು ಟೇಪು, ಟೈರಿನ ಗೇಜು, ಒಂದು ನೋಟ್‌ಬುಕ್ಕು. ಬೈಕು ಹೇಳಿದಂತೆ ಕೇಳುತ್ತಿರುವ ದಿನಗಳಲ್ಲೇ ಅದರ ಸ್ಯಾಗ್, ಟೈರಿನ ಗಾಳಿ, ರೀಬೌಂಡ್ ಮತ್ತು (ಒತ್ತಿಕೊಳ್ಳುವ ವೇಗವನ್ನು ತಡೆಯುವ) ಕಂಪ್ರೆಷನ್ನಿನ ಕ್ಲಿಕ್ಕುಗಳು, ಸಸ್ಪೆನ್ಷನ್ ಆಯಿಲ್ ಬದಲಿಸಿದ ಮೇಲೆ ಓಡಿದ ಗಂಟೆಗಳು, ಜೊತೆಗೆ ತನ್ನ ತೂಕ, ಇಷ್ಟನ್ನು ಸವಾರ ಬರೆದಿಟ್ಟುಕೊಳ್ಳಲಿ. ಮುಂದಿನ ಮಳೆಗಾಲಕ್ಕೆ ಟಾರ್ಪಾಲು ಹೊದಿಸುವ ಮುನ್ನ ಆ ಹಾಳೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಹ್ಯಾಂಡಲ್ಲಿಗೆ ಕಟ್ಟಿರಲಿ. ನವೆಂಬರಿನಲ್ಲಿ ಬೈಕು ಮತ್ತೆ ಮೂತಿ ಬಗ್ಗಿಸಿದಾಗ, ಕಳೆದ ವರ್ಷ ಹೀಗಿರಲಿಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುವ ಬದಲು ಹೇಗಿತ್ತು ಎಂದು ಓದಿ ನೋಡಬಹುದು.