ಸ್ಕೂಟರ್ ಚಾರ್ಜ್ ಅಗ್ಗ ನಿಜ, ಗೃಹಜ್ಯೋತಿಯ 200 ಯೂನಿಟ್ ದಾಟಿದರೆ?

ತಿಪಟೂರು: ‘ಒಂದು ಸಲ ಚಾರ್ಜ್ ಮಾಡಿದ್ರೆ ಎಷ್ಟು ಕಿಲೋಮೀಟರ್ ಓಡುತ್ತೆ?’ ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳಲು ಹೋದವರು ಮೊದಲು ಕೇಳೋದು ಇದನ್ನೇ. ಮನೆಯ ಕರೆಂಟ್ ಬಿಲ್ ತೆಗೆದು ನೋಡಿ, ಗೃಹಜ್ಯೋತಿ ಮಿತಿಯೊಳಗೆ ಈ ಗಾಡಿ ಹಿಡಿಸುತ್ತಾ ಅಂತ ಲೆಕ್ಕ ಹಾಕುವವರು ಕಡಿಮೆ. ತಾಲ್ಲೂಕಿನ ಮಟ್ಟಿಗೆ ಸ್ಕೂಟರ್ ಲಾಭವೋ ನಷ್ಟವೋ ಅನ್ನೋದು ಬ್ಯಾಟರಿಗಿಂತ ಹೆಚ್ಚಾಗಿ ಈ ಲೆಕ್ಕದ ಮೇಲೆ ನಿಂತಿದೆ.

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಅನ್ನೋ ತಪ್ಪು ತಿಳಿವಳಿಕೆ ಈಗಲೂ ಇದೆ. ಉಚಿತ ಇರೋದು ಆ ಮನೆಯ 2022-23ರ ತಿಂಗಳ ಸರಾಸರಿ, ಅದರ ಮೇಲೆ ಶೇ 10 ಮಾತ್ರ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ 10ರ ಬದಲು 10 ಯೂನಿಟ್ ಕೊಡುವ ತೀರ್ಮಾನ 2024ರ ಜನವರಿಯಲ್ಲಿ ಆಯಿತು. ಹಳೇ ಬಳಕೆಯ ದಾಖಲೆ ಇಲ್ಲದ ಹೊಸ ಮನೆಗಳಿಗೆ 58 ಯೂನಿಟ್ ಲೆಕ್ಕ. ಮಿತಿ ದಾಟಿ 200ರ ಒಳಗಿದ್ದರೆ ದಾಟಿದ ಯೂನಿಟ್‌ಗಳಿಗಷ್ಟೇ ದುಡ್ಡು. 200 ದಾಟಿತೋ, ಪೂರ್ತಿ ಬಿಲ್.

ಆ ಸರಾಸರಿ ಲೆಕ್ಕ ಹಾಕಿದಾಗ ಬಹುತೇಕ ಮನೆಗಳಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಇರಲಿಲ್ಲ. ಹಾಗಾಗಿ ಸ್ಕೂಟರ್ ಕುಡಿಯುವ ಕರೆಂಟ್ ಮಿತಿಯ ಮೇಲೇ ಬಂದು ಕೂರುತ್ತೆ.

ಎಷ್ಟು ಕುಡಿಯುತ್ತೆ? 3 ಕಿಲೋವಾಟ್-ಅವರ್ ಬ್ಯಾಟರಿಯ ಸ್ಕೂಟರ್ ನಮ್ಮ ರಸ್ತೆಗಳಲ್ಲಿ ಸುಮಾರು 90ರಿಂದ 100 ಕಿ.ಮೀ. ಓಡುತ್ತೆ ಅಂತಿಟ್ಟುಕೊಳ್ಳಿ. ಚಾರ್ಜರ್ ಬಿಸಿಯಾಗಿ ಪೋಲಾಗುವುದೂ ಸೇರಿದರೆ ನೂರು ಕಿ.ಮೀ.ಗೆ ಮೂರೂವರೆ ಯೂನಿಟ್. ನೊಣವಿನಕೆರೆ ಕಡೆಯಿಂದ ದಿನಾ ಪೇಟೆಗೆ ಬಂದು ಹೋಗುವವರು ಸುತ್ತಾಟ ಸೇರಿ 30 ಕಿ.ಮೀ. ಓಡಿಸಿದರೆ ತಿಂಗಳಿಗೆ 900 ಕಿ.ಮೀ., ಅಂದರೆ 30ರಿಂದ 33 ಯೂನಿಟ್. ಅಷ್ಟೇ ದೂರಕ್ಕೆ ಪೆಟ್ರೋಲ್ ಗಾಡಿಗೆ 20 ಲೀಟರ್ ಬೇಕು. ಎರಡು ಸಾವಿರ ರೂಪಾಯಿ ಗ್ಯಾರಂಟಿ.

ಸರಾಸರಿ 90 ಯೂನಿಟ್ ಇದ್ದ ಮನೆಗೆ 99 ಉಚಿತ. ಈಗ 95 ಬಳಸುತ್ತಿದ್ದು ಸ್ಕೂಟರ್ ಸೇರಿದರೆ 128. ಮೇಲಿನ 29 ಯೂನಿಟ್‌ಗೆ ತೆರಿಗೆ, ಸರ್‌ಚಾರ್ಜ್ ಸೇರಿ ಇನ್ನೂರು ರೂಪಾಯಿ ಆಸುಪಾಸು. ಈ ಮನೆಯವರು ಯೋಚನೆ ಮಾಡಬೇಕಿಲ್ಲ.

ಪೇಚಾಟ ಇರೋದು ಫ್ರಿಜ್, ಟಿವಿ, ವಾಷಿಂಗ್ ಮೆಷಿನ್ ಎಲ್ಲಾ ಇರುವ, ತಿಂಗಳಿಗೆ 180 ಯೂನಿಟ್ ಬಳಸುವ ಮನೆಗೆ. ಇವತ್ತಿನವರೆಗೆ ಬಿಲ್ ಸೊನ್ನೆ. ಸ್ಕೂಟರ್ ಬಂದ ತಿಂಗಳು 213. ಆಗ 13 ಯೂನಿಟ್‌ಗಲ್ಲ, 213ಕ್ಕೂ ಕಟ್ಟಬೇಕು, ನಿಗದಿತ ಶುಲ್ಕ ಬೇರೆ. ಮೊತ್ತ ಒಂದೂವರೆ ಸಾವಿರ ದಾಟುತ್ತೆ. ಪೆಟ್ರೋಲಲ್ಲಿ ಉಳಿಸಿದ್ದು ಬೆಸ್ಕಾಂ ಬಿಲ್ಲಿಗೆ ಹೋದಂತೆ. ಬೇಸಿಗೆಯಲ್ಲಿ ಫ್ಯಾನ್, ಕೂಲರ್ ನಿಲ್ಲದೆ ಓಡುವಾಗ ಈ ಗೆರೆ ಇನ್ನೂ ಹತ್ತಿರ.

ಅಂಗಡಿ ಇಟ್ಟವರಿಗೆ ಇಲ್ಲೊಂದು ದಾರಿ ಇದೆ. ಅಂಗಡಿ ಮೀಟರ್ ವಾಣಿಜ್ಯ ದರದ್ದು, ಯೂನಿಟ್‌ಗೆ ಮನೆಗಿಂತ ಜಾಸ್ತಿ. ಅದಕ್ಕೇ ‘ಅಂಗಡೀಲಿ ಚಾರ್ಜ್ ಹಾಕೋದು ದಂಡ’ ಅನ್ನೋರು ಹೆಚ್ಚು. ಆದರೆ 200ರ ಅಂಚಿನಲ್ಲಿರುವ ಮನೆಯವರು ತಿಂಗಳಿಗೆ ಹದಿನೈದು ಇಪ್ಪತ್ತು ಯೂನಿಟ್ ಅಂಗಡಿಯಲ್ಲೇ ಹಾಕಿಕೊಂಡರೆ ಆಗುವ ಖರ್ಚು ಇನ್ನೂರು ರೂಪಾಯಿ ಒಳಗೆ. ಮನೆಯ ಉಚಿತ ಬಿಲ್ ಉಳಿಯುತ್ತೆ. ಹಗಲು, ಕಣ್ಣೆದುರಿಗೆ ಹಾಕಬೇಕು ಅಷ್ಟೇ. ಕೊಬ್ಬರಿ, ಗೋಣಿಚೀಲ, ರಟ್ಟಿನ ಡಬ್ಬ ತುಂಬಿದ ಮಳಿಗೆಯಲ್ಲಿ ಚಾರ್ಜಿಗೆ ಹಾಕಿ ಶಟರ್ ಎಳೆದು ಹೋಗೋದು ಬೆಂಕಿ ಜೊತೆ ಆಟ. 2022ರಲ್ಲಿ ದೇಶದ ಹಲವೆಡೆ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಮೇಲೆಯೇ ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತಾ ನಿಯಮ ಬಿಗಿ ಮಾಡಿದ್ದು. ಅದಕ್ಕೂ ಹಿಂದಿನ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಇದನ್ನು ಮರೆಯಬಾರದು.

ಬಾಡಿಗೆದಾರರ ಕಷ್ಟವೇ ಬೇರೆ. ಎರಡು ಮನೆಗೆ ಒಂದೇ ಮೀಟರ್ ಇದ್ದರೆ ಮಿತಿಯೂ ಒಂದೇ. ಕೆಳಗಿನವರ ಸ್ಕೂಟರ್‌ನಿಂದ ಮೇಲಿನವರಿಗೆ ಬಿಲ್ ಬಂದರೆ ಜಗಳ ಖಾತ್ರಿ. ಚಾರ್ಜಿಂಗ್ ಪಾಯಿಂಟಿಗೆ ಒಂದು ಸಣ್ಣ ಸಬ್ ಮೀಟರ್ ಹಾಕಿಸಿದರೆ ಕನಿಷ್ಠ ಯಾರದ್ದೆಷ್ಟು ಅಂತ ಬಾಯಿಮಾತಿಲ್ಲದೆ ಗೊತ್ತಾಗುತ್ತೆ.

ದುಡ್ಡಿನ ಮಾತು ಇಷ್ಟು. ವೈರಿಂಗ್ ವಿಷಯದಲ್ಲಿ ಸದರ ಇನ್ನೂ ಹೆಚ್ಚು. ಸ್ಕೂಟರ್ ಚಾರ್ಜರ್ ಎಳೆಯೋದು ಹೆಚ್ಚುಕಡಿಮೆ ಮಿಕ್ಸಿಯಷ್ಟೇ ಕರೆಂಟ್. ಆದರೆ ಮಿಕ್ಸಿ ಓಡೋದು ಐದು ನಿಮಿಷ, ಇದು ನಾಲ್ಕೈದು ಗಂಟೆ. ಕಿಟಕಿಯಿಂದ ಎಳೆದ ತೆಳು ಎಕ್ಸ್‌ಟೆನ್ಷನ್ ಬಾಕ್ಸ್ ಅಷ್ಟು ಹೊತ್ತು ತಾಳಲ್ಲ; ಸಡಿಲ ಸಾಕೆಟ್ ಮೊದಲು ಕಪ್ಪಾಗುತ್ತೆ, ಆಮೇಲೆ ಕರಗುತ್ತೆ. ಬೋರ್ಡಿನಿಂದ ನೇರ ವೈರ್, ಅದಕ್ಕೇ ಒಂದು ಎಂಸಿಬಿ, ಮಳೆ ನೀರು ತಾಗದ 16 ಆಂಪ್ ಸಾಕೆಟ್, ಸಾಧ್ಯವಾದರೆ 30 ಮಿಲಿಆಂಪ್ ಆರ್‌ಸಿಸಿಬಿ. ಇವಿಷ್ಟು ಬೇಕೇ ಬೇಕು.

ಇನ್ನು ಅರ್ತಿಂಗ್. ಹಳೇ ಮನೆಗಳಲ್ಲಿ ಅರ್ತ್ ಗುಂಡಿ ಬೇಸಿಗೆಗೆ ಒಣಗಿರುತ್ತೆ, ಕೆಲವೆಡೆ ಇರೋದೇ ಇಲ್ಲ. ಅರ್ತ್ ಸಿಗದಿದ್ದರೆ ಕೆಲವು ಚಾರ್ಜರ್ ಚಾಲೂ ಆಗಲ್ಲ. ಆಗ ಸಾಕೆಟ್‌ನಲ್ಲಿ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ಒಂದು ತುಂಡು ವೈರ್ ಕಟ್ಟಿ ‘ಆಯ್ತು ಸಾರ್’ ಅನ್ನುವ ಎಲೆಕ್ಟ್ರಿಷಿಯನ್‌ಗಳು ಇದ್ದಾರೆ. ಚಾರ್ಜರಿನ ಕಣ್ಣಿಗೆ ಮಣ್ಣೆರಚುವ ಉಪಾಯ ಇದು. ಕಂಬದ ಕಡೆ ನ್ಯೂಟ್ರಲ್ ಕಡಿದರೆ ಸ್ಕೂಟರಿನ ಮೈಯೇ ಕರೆಂಟ್ ಹೊಡೆಯಬಹುದು. ಹಾಗೆ ಮಾಡಲು ಬಿಡಬೇಡಿ, ಹೊಸ ಅರ್ತ್ ಗುಂಡಿ ತೆಗೆಸಿ.

ತೋಟದ ಮನೆಗಳಲ್ಲಿ ಪಂಪ್‌ಸೆಟ್ ಲೈನಿನಿಂದ ಚಾರ್ಜ್ ಹಾಕುವ ಆಸೆ ಸಹಜ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ಕರೆಂಟ್ ಇರೋದು ನೀರೆತ್ತಲು. ಅದರಲ್ಲಿ ಗಾಡಿ ಚಾರ್ಜ್ ಮಾಡಿದರೆ ದುರ್ಬಳಕೆ ಕೇಸ್ ಆಗಬಹುದು. ಅಲ್ಲಿನ ವೋಲ್ಟೇಜ್ ಏರಿಳಿತ ಕಂಡು ಚಾರ್ಜರ್ ಪದೇ ಪದೇ ನಿಲ್ಲೋದು ಬೇರೆ.

ಕಾರು ಕೊಳ್ಳುವವರಿಗೆ ಇದ್ಯಾವ ಗೊಂದಲವೂ ಇಲ್ಲ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸಿದರೆ 150 ಯೂನಿಟ್ ಸುಮಾರು. ಗೃಹಜ್ಯೋತಿಗೆ ಕೈ ಮುಗಿಯಬೇಕಾದೀತು. 15 ಆಂಪ್ ಸಾಕೆಟ್‌ನಲ್ಲೇ ಸುಮಾರು 3 ಕಿಲೋವಾಟ್ ರಾತ್ರಿಯಿಡೀ ಎಳೆಯುವುದರಿಂದ ಬಿಲ್ಲಿನಲ್ಲಿ ಮಂಜೂರಾದ ಲೋಡ್ 1 ಅಥವಾ 2 ಕಿಲೋವಾಟ್ ಅಂತಿದ್ದರೆ ಮೊದಲು ಅದನ್ನು ಹೆಚ್ಚಿಸಿಕೊಳ್ಳಬೇಕು. ಇವಿ ಚಾರ್ಜಿಂಗ್‌ಗೆ ಕೆಇಆರ್‌ಸಿ ಪ್ರತ್ಯೇಕ ದರ ಇಟ್ಟಿದೆ. ಒಂದು ಸ್ಕೂಟರ್‌ಗಾಗಿ ಇನ್ನೊಂದು ಮೀಟರ್, ಡಿಪಾಸಿಟ್ ಅಂತ ಓಡಾಡೋದು ಗಿಟ್ಟಲ್ಲ. ಕಾರು ಇದ್ದವರು ಬುಕಿಂಗ್‌ಗೂ ಮುಂಚೆ ಬೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಒಮ್ಮೆ ವಿಚಾರಿಸಿಕೊಳ್ಳಬಹುದು. ಹೋಗುವಾಗ ಹಿಂದಿನ ಮೂರು ತಿಂಗಳ ಬಿಲ್ ಜೇಬಿನಲ್ಲಿರಲಿ.